ಮೈಲುತುತ್ತದ ಸಾಪೇಕ್ಷ ಸಾಂದ್ರತೆ: ಕೈಪಿಡಿಗಳು ಬಿಟ್ಟ ಮಾತು

ನೀರಿನಲ್ಲಿ ಕರಗುವ ಘನವಸ್ತುವಿನ ಸಾಪೇಕ್ಷ ಸಾಂದ್ರತೆಯನ್ನು ಕಂಡುಹಿಡಿಯುವುದು ಭೌತವಿಜ್ಞಾನದ ಹಳೆಯ ಪ್ರಯೋಗಗಳಲ್ಲೊಂದು. ಮೈಲುತುತ್ತದ ಹರಳು, ಸೀಮೆಎಣ್ಣೆ, ಸಾಂದ್ರತಾ ಬಾಟಲಿ, ತಕ್ಕಡಿ ಇದ್ದರೆ ಸಾಕು. ಖರ್ಚು ಕಡಿಮೆ, ತತ್ತ್ವ ಸರಳ. ಆದರೆ ಅನೇಕ ಪ್ರಯೋಗ ಕೈಪಿಡಿಗಳು ಇದನ್ನು ವಿವರಿಸುವ ರೀತಿ ತೃಪ್ತಿಕರವಾಗಿಲ್ಲ. ನಾಲ್ಕು ತೂಕ, ಒಂದು ಸೂತ್ರ, ಒಂದು ಉತ್ತರ; ಅಲ್ಲಿಗೆ ಮುಗಿಯಿತು. ಆ ಉತ್ತರವನ್ನು ಎಷ್ಟು ನಂಬಬಹುದು ಎಂಬ ಪ್ರಶ್ನೆ ಏಳುವುದೇ ಇಲ್ಲ.

ತತ್ತ್ವವನ್ನು ನೆನಪಿಸಿಕೊಳ್ಳೋಣ. ಖಾಲಿ ಬಾಟಲಿಯ ತೂಕ ಅ, ಹರಳು ಹಾಕಿದಾಗ ಆ, ಹರಳಿನ ಮೇಲೆ ಸೀಮೆಎಣ್ಣೆ ತುಂಬಿದಾಗ ಇ, ಬರೀ ಸೀಮೆಎಣ್ಣೆ ತುಂಬಿದಾಗ ಈ ಎಂದಿರಲಿ. ಆಗ

ಸಾಪೇಕ್ಷ ಸಾಂದ್ರತೆ = (ಆ – ಅ) ÷ [(ಈ – ಅ) – (ಇ – ಆ)] × ಸೀಮೆಎಣ್ಣೆಯ ಸಾಪೇಕ್ಷ ಸಾಂದ್ರತೆ

ಛೇದದಲ್ಲಿರುವುದು ಹರಳು ಹೊರದೂಡಿದ ಸೀಮೆಎಣ್ಣೆಯ ತೂಕ. ಪ್ರಯೋಗದ ಮರ್ಮವೆಲ್ಲ ಇಲ್ಲಿದೆ. 50 ಮಿ.ಲೀ. ಬಾಟಲಿಯಲ್ಲಿ 10 ಗ್ರಾಂ ಮೈಲುತುತ್ತ ಹಾಕಿದರೆ ಹೊರಹೋಗುವ ಸೀಮೆಎಣ್ಣೆ ಸುಮಾರು 3.5 ಗ್ರಾಂ ಮಾತ್ರ. ಎರಡು ದೊಡ್ಡ ತೂಕಗಳ ವ್ಯತ್ಯಾಸದಿಂದ ಈ ಚಿಕ್ಕ ತೂಕ ದೊರೆಯುವುದರಿಂದ ಸಣ್ಣ ದೋಷವೂ ಇಲ್ಲಿ ದೊಡ್ಡದಾಗುತ್ತದೆ.

ಮೊದಲ ಆಕ್ಷೇಪ ಸೀಮೆಎಣ್ಣೆಯ ಬಗ್ಗೆ. ಅದರ ಸಾಪೇಕ್ಷ ಸಾಂದ್ರತೆ 0.8 ಎಂದು ಸಿದ್ಧವಾಗಿ ಕೊಡುವುದು ರೂಢಿ. ಸೀಮೆಎಣ್ಣೆ ಶುದ್ಧ ಸಂಯುಕ್ತವಲ್ಲ, ಹಲವು ಹೈಡ್ರೋಕಾರ್ಬನ್‌ಗಳ ಮಿಶ್ರಣ. ನಿಜವಾದ ಬೆಲೆ 0.78 ಆಗಿದ್ದರೆ 2.28 ಬರಬೇಕಾದ ಉತ್ತರ 2.34 ಆಗುತ್ತದೆ. ಅದೇ ಬಾಟಲಿಯನ್ನು ಕೊನೆಯಲ್ಲಿ ತೊಳೆದು, ನೀರು ತುಂಬಿ, ಐದನೆಯ ತೂಕ ತೆಗೆದುಕೊಂಡರೆ ಈ ತೊಂದರೆ ಇರುವುದಿಲ್ಲ. ಐದು ನಿಮಿಷದ ಈ ಕೆಲಸವನ್ನು ಕೈಬಿಡಲು ಕಾರಣ ಕಾಣದು.

ಎರಡನೆಯದು ಉಷ್ಣತೆ. ಸೀಮೆಎಣ್ಣೆ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಸಾವಿರದಲ್ಲಿ ಒಂದು ಪಾಲು ಹಿಗ್ಗುತ್ತದೆ; ಇದು ನೀರಿನ ಹಿಗ್ಗುವಿಕೆಯ ಮೂರು ಪಟ್ಟಿಗೂ ಹೆಚ್ಚು. ಎರಡು ತುಂಬುವಿಕೆಗಳ ನಡುವೆ ಒಂದು ಡಿಗ್ರಿ ವ್ಯತ್ಯಾಸವಾದರೂ ಸುಮಾರು 0.04 ಗ್ರಾಂ, ಅಂದರೆ ಉತ್ತರದಲ್ಲಿ ಶೇಕಡ 1ರಷ್ಟು ದೋಷ. ಬಾಟಲಿಯನ್ನು ಕತ್ತಿನಲ್ಲಿ ಹಿಡಿಯಬೇಕು ಎಂದು ಕೈಪಿಡಿ ಹೇಳುತ್ತದೆ, ಏಕೆ ಎಂದು ಹೇಳುವುದಿಲ್ಲ. ಅಂಗೈಯ ಬಿಸಿಯೇ ಕಾರಣವೆಂದು ತಿಳಿದ ವಿದ್ಯಾರ್ಥಿ ಆ ಸೂಚನೆಯನ್ನು ಮರೆಯುವುದಿಲ್ಲ.

ಮೂರನೆಯದು ಗಾಳಿಗುಳ್ಳೆ. ಹರಳುಗಳ ನಡುವೆ ಸಿಕ್ಕಿಕೊಂಡ 0.1 ಮಿ.ಲೀ. ಗಾಳಿ ಉತ್ತರವನ್ನು 2.23ಕ್ಕೆ ಇಳಿಸುತ್ತದೆ. ಅರ್ಧ ತುಂಬಿ, ಮೆಲ್ಲನೆ ತಟ್ಟಿ, ಗುಳ್ಳೆ ಹೋದ ಮೇಲೆ ಉಳಿದರ್ಧ ತುಂಬಬೇಕು. ತೇವ ಆರಿಸಲೆಂದು ಹರಳನ್ನು ಕಾಯಿಸುವುದಂತೂ ಸಲ್ಲದು. ಕಾಯಿಸಿದರೆ ಸ್ಫಟಿಕಜಲ ಹೋಗಿ ನೀಲಿ ಹರಳು ಬಿಳಿಚುತ್ತದೆ. ಪೂರ್ತಿ ನಿರ್ಜಲವಾದ ತಾಮ್ರದ ಸಲ್ಫೇಟಿನ ಸಾಪೇಕ್ಷ ಸಾಂದ್ರತೆ ಸುಮಾರು 3.6. ಆಗ ನಾವು ಅಳೆಯುತ್ತಿರುವುದು ಬೇರೆಯೇ ವಸ್ತುವನ್ನು.

ಇಷ್ಟೆಲ್ಲ ದೋಷಗಳಿಗೆ ಅವಕಾಶವಿರುವಾಗ ದಾಖಲೆ ಪುಸ್ತಕಗಳಲ್ಲಿ 2.283, 2.287 ಎಂಬ ಉತ್ತರಗಳು ಸಾಲಾಗಿ ಕಂಡರೆ ಸಂತೋಷಪಡಬೇಕಿಲ್ಲ, ಸಂಶಯಪಡಬೇಕು. ಪುಸ್ತಕದ ಬೆಲೆಗೆ ಹತ್ತಿರವಾದಷ್ಟೂ ಹೆಚ್ಚು ಅಂಕ ಎಂಬ ಪದ್ಧತಿ ವಿದ್ಯಾರ್ಥಿಗೆ ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿ ತೂಕ ಬರೆಯುವುದನ್ನು ಕಲಿಸುತ್ತದೆ. 2.2 ಎಂದು ಪ್ರಾಮಾಣಿಕವಾಗಿ ಬರೆದು, ಗುಳ್ಳೆ ಉಳಿದಿರಬಹುದು ಎಂದು ಸೇರಿಸಿದವನಿಗೆ ಕಡಿಮೆ ಅಂಕ ಕೊಟ್ಟರೆ, ನಾವು ಕಳೆದುಕೊಳ್ಳುವುದು ಒಬ್ಬ ಪ್ರಯೋಗಕಾರನನ್ನು.

ಇದಕ್ಕೊಂದು ಪರಿಹಾರವಿದೆ. ಉತ್ತರ ಮೊದಲೇ ಗೊತ್ತಿರುವ ವಸ್ತುವಿನ ಬದಲು ಹೆಸರಿಲ್ಲದ ಎರಡು ಬಿಳಿ ಹರಳುಗಳನ್ನು ಕೊಡಿ: ಒಂದು ಸೋಡಿಯಂ ಕ್ಲೋರೈಡ್, ಇನ್ನೊಂದು ಪೊಟ್ಯಾಸಿಯಂ ಕ್ಲೋರೈಡ್. ಇವುಗಳ ಸಾಪೇಕ್ಷ ಸಾಂದ್ರತೆ ಕ್ರಮವಾಗಿ 2.16 ಮತ್ತು 1.98. ಯಾವುದು ಯಾವುದೆಂದು ಹೇಳಲು ಅಳತೆಯ ದೋಷ ಶೇಕಡ 4ಕ್ಕಿಂತ ಕಡಿಮೆ ಇರಬೇಕು. ಉಷ್ಣತೆ, ಗುಳ್ಳೆ, ಐದನೆಯ ತೂಕ ಇವೆಲ್ಲ ಏಕೆ ಬೇಕೆಂಬುದು ಆಗ ಉಪದೇಶವಿಲ್ಲದೆಯೇ ತಿಳಿಯುತ್ತದೆ. ಅಂಕವನ್ನು ಉತ್ತರಕ್ಕಷ್ಟೇ ಅಲ್ಲ, ಅದರೊಂದಿಗೆ ಬರೆದ ದೋಷದ ಅಂದಾಜಿಗೂ ಕೊಡುವಂತಾಗಲಿ.