ಗೊಂಬೆಸಾಲಿನಲ್ಲಿ ಡಾರ್ವಿನ್

ನವರಾತ್ರಿ ಬಂತೆಂದರೆ ಬೆಂಗಳೂರಿನ ಎನ್.ಆರ್. ಕಾಲೋನಿಯ ಹಳೆಯ ಮನೆಗಳಲ್ಲಿ ಪಟ್ಟದ ಗೊಂಬೆಗಳ ಜೊತೆಗೆ ದಶಾವತಾರದ ಸೆಟ್ಟೂ ಮೆಟ್ಟಿಲೇರುತ್ತದೆ. ಸೊಂಟದ ಕೆಳಗೆ ಮೀನು, ಮೇಲೆ ಚತುರ್ಭುಜನಾದ ಮತ್ಸ್ಯ. ಪಕ್ಕದಲ್ಲಿ ಕೂರ್ಮ, ಕೋರೆಹಲ್ಲಿನ ವರಾಹ, ನರಸಿಂಹ, ಕೊಡೆ ಹಿಡಿದ ಪುಟ್ಟ ವಾಮನ. ಗೊಂಬೆ ನೋಡಲು ಬಂದ ಮಕ್ಕಳಿಗೆ ಹಿರಿಯರು ಈ ಸಾಲು ತೋರಿಸಿ, ‘ಡಾರ್ವಿನ್ ಹೇಳಿದ್ದನ್ನು ನಮ್ಮವರು ಎಂದೋ ಹೇಳಿದ್ದರು’ ಎನ್ನುವುದುಂಟು. ಉಪನ್ಯಾಸಗಳಲ್ಲೂ ಈ ಮಾತು ಕೇಳಿಬರುತ್ತದೆ. ಸೃಷ್ಟಿವಾದ, ವಿಕಾಸವಾದಗಳ ಜಗಳ ಅಮೆರಿಕದಲ್ಲಿ 1925ರಲ್ಲೇ ಕೋರ್ಟು ಹತ್ತಿತು. ನಮ್ಮಲ್ಲಿ ಜಗಳವೇ ಬೇಡವೆಂಬಂತೆ ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸಿಬಿಟ್ಟಿದ್ದೇವೆ. ಇದರಿಂದ ವಿಜ್ಞಾನಕ್ಕೂ ಪುರಾಣಕ್ಕೂ ಅನ್ಯಾಯವಾಗಿದೆ.

ಈ ಹೋಲಿಕೆ ಅಷ್ಟೇನೂ ಪ್ರಾಚೀನವಲ್ಲ. ಡಾರ್ವಿನ್ನನ ಗ್ರಂಥ ಹೊರಬಂದದ್ದು 1859ರಲ್ಲಿ. ಥಿಯಾಸಫಿಕಲ್ ಸೊಸೈಟಿಯ ಬ್ಲಾವಟ್‌ಸ್ಕಿ 1877ರಲ್ಲಿ ದಶಾವತಾರವನ್ನು ವಿಕಾಸಕ್ರಮವೆಂದು ಬರೆದರು. ಬಂಗಾಳದ ಕೇಶವಚಂದ್ರ ಸೇನ್ 1882ರಲ್ಲಿ ಅದೇ ಮಾತನ್ನಾಡಿದರು. 2019ರ ಜನವರಿಯಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ವೇದಿಕೆಯಲ್ಲೇ ಆಂಧ್ರ ವಿಶ್ವವಿದ್ಯಾಲಯದ ಆಗಿನ ಕುಲಪತಿಗಳು, ಡಾರ್ವಿನ್ನನಿಗಿಂತ ದಶಾವತಾರವೇ ಮೇಲೆಂದರು. ಡಾರ್ವಿನ್ ಬರೆದ ಮೇಲೆ ಹುಟ್ಟಿದ ವ್ಯಾಖ್ಯಾನವನ್ನು ಅವನಿಗಿಂತ ಮೊದಲೇ ಇತ್ತೆಂದು ಮಕ್ಕಳಿಗೆ ಹೇಳುತ್ತಿದ್ದೇವೆ.

ಸಾಲನ್ನೇ ಸ್ವಲ್ಪ ಹತ್ತಿರದಿಂದ ನೋಡಬಹುದು. ಆಮೆಯನ್ನು ನೀರು–ನೆಲ ಎರಡರ ಪ್ರಾಣಿಯೆಂದು ಕಪ್ಪೆಯ ಜಾಗದಲ್ಲಿ ಕೂರಿಸುತ್ತಾರೆ; ಅದು ಸರೀಸೃಪ. ಹಂದಿಯಾಗಲಿ ಸಿಂಹವಾಗಲಿ ಮನುಷ್ಯನ ಪೂರ್ವಜರಲ್ಲ. ವಾಮನ ವೇದ ಬಲ್ಲ ಬ್ರಹ್ಮಚಾರಿ, ಅವನನ್ನು ಆದಿಮಾನವನೆನ್ನುವುದು ಹೇಗೆ? ಪರಶುರಾಮನಿಂದ ಮುಂದೆ ಎಲ್ಲರೂ ಮನುಷ್ಯರೂಪದವರೇ. ಇನ್ನು ಭಾಗವತದ ಪ್ರಥಮ ಸ್ಕಂಧದ ಮೂರನೆಯ ಅಧ್ಯಾಯ ತೆರೆದರೆ ಅಲ್ಲಿರುವುದು 22 ಅವತಾರಗಳ ಪಟ್ಟಿ. ವರಾಹ ಎರಡನೆಯದು, ಮತ್ಸ್ಯ ಹತ್ತನೆಯದು! ಮೀನಿಗಿಂತ ಮೊದಲೇ ಹಂದಿ ಬಂದಾಗ ವಿಕಾಸಕ್ರಮದ ಮಾತು ಅಲ್ಲೇ ಬಿದ್ದುಹೋಗುತ್ತದೆ.

ಶ್ರದ್ಧಾವಂತರೂ ಈ ಹೋಲಿಕೆಯನ್ನು ಒಪ್ಪಬಾರದು. ಬಸವನಗುಡಿಯ ಸುತ್ತ ಮಾಧ್ವ ಮಠಗಳಿವೆ. ದೇವತೆಗಳಲ್ಲಿ ತಾರತಮ್ಯ ಹೇಳುವ ಮಧ್ವಸಿದ್ಧಾಂತ ವಿಷ್ಣುವಿನ ರೂಪಗಳಲ್ಲಿ ಮಾತ್ರ ಎಳ್ಳಷ್ಟೂ ಭೇದ ಎಣಿಸಬಾರದೆನ್ನುತ್ತದೆ. ಮತ್ಸ್ಯನೂ ಪೂರ್ಣ, ಕೃಷ್ಣನೂ ಪೂರ್ಣ. ಮೀನನ್ನು ಕೆಳಗಿನ ಮೆಟ್ಟಿಲು ಮಾಡಿ ಕೃಷ್ಣನನ್ನು ಮೇಲಕ್ಕೇರಿಸುವ ವಿವರಣೆ ಈ ನಂಬಿಕೆಯ ಬುಡಕ್ಕೇ ಕೊಡಲಿ ಹಾಕುತ್ತದೆ.

2018ರಲ್ಲಿ ಕೇಂದ್ರ ಸಚಿವ ಸತ್ಯಪಾಲ್ ಸಿಂಗ್, ಮಂಗ ಮನುಷ್ಯನಾದದ್ದನ್ನು ಕಂಡವರಿಲ್ಲ, ಡಾರ್ವಿನ್ ತಪ್ಪು ಎಂದಾಗ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜಂಟಿ ಹೇಳಿಕೆ ಕೊಟ್ಟು ಅದನ್ನು ತಿರಸ್ಕರಿಸಿದವು. ಅವುಗಳಲ್ಲೊಂದು ಬೆಂಗಳೂರಿನದೇ. ವಿಕಾಸವನ್ನು ಕಣ್ಣಾರೆ ನೋಡಬಯಸುವವರಿಗೆ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಅಲ್ಲಿ ಅಮಿತಾಭ್ ಜೋಶಿಯವರ ತಂಡ ಹಣ್ಣಿನ ನೊಣಗಳನ್ನು ಪುಟ್ಟ ಗಾಜಿನ ಕೊಳವೆಗಳಲ್ಲಿ ತಲೆಮಾರುಗಟ್ಟಲೆ ಸಾಕಿದೆ. ಹಿಡಿ ಆಹಾರಕ್ಕೆ ನೂರಾರು ಮರಿಹುಳು ಮುಗಿಬೀಳುವ ಇಕ್ಕಟ್ಟಿನಲ್ಲಿ, ಬೇಗ ಬೆಳೆದು ಬದುಕುಳಿಯುವ ಗುಣ ತಲೆಮಾರಿನಿಂದ ತಲೆಮಾರಿಗೆ ಬಲಗೊಳ್ಳುತ್ತದೆ. ಮೊಟ್ಟೆ ನೊಣವಾಗಲು ಹತ್ತು ದಿನ ಸಾಕಾದ್ದರಿಂದ ಮನುಷ್ಯನ ಆಯುಸ್ಸಿನಲ್ಲೇ ಇದನ್ನೆಲ್ಲ ನೋಡಬಹುದು.

ಕನ್ನಡಿಗರಿಗೆ ಈ ವಿಸ್ಮಯವನ್ನು ತೇಜಸ್ವಿಯವರ ‘ಕರ್ವಾಲೊ’ (1980) ಮನಮುಟ್ಟುವಂತೆ ಕಾಣಿಸಿತು. ಹಾರುವ ಓತಿಯನ್ನು ಕಾಲಗರ್ಭದ ಕೊಂಡಿಯಂತೆ ಚಿತ್ರಿಸಿದ್ದು ಮಾತ್ರ ಕಾದಂಬರಿಯ ಉತ್ಪ್ರೇಕ್ಷೆ. ಪಕ್ಕೆಲುಬಿನ ಚರ್ಮ ಬಿಚ್ಚಿ ತೇಲುವ ಈ ಓತಿ ಹಕ್ಕಿಗಳ ಪೂರ್ವಜನಲ್ಲ. ಪಶ್ಚಿಮ ಘಟ್ಟದ ಅಡಿಕೆ ತೋಟಗಳಲ್ಲಿ ಇಂದೂ ಸಿಗುತ್ತದೆ. ಆದರೂ ಗಮನವಿಟ್ಟು ನೋಡುವುದನ್ನು ಆ ಪುಸ್ತಕ ಕಲಿಸಿತು, ಅದು ದೊಡ್ಡ ಕೆಲಸ. ಎನ್.ಆರ್. ಕಾಲೋನಿಯಿಂದ ನಡೆದೇ ಹೋಗಬಹುದಾದ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂ ಪ್ರಶ್ನೆ ಕೇಳುವುದನ್ನು ಕಲಿಸಿತು.

ಈಗ ಈ ಕಲಿಕೆಗೇ ಕತ್ತರಿ ಬಿದ್ದಿದೆ. 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗ ಹೊರಬಿತ್ತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು, ವಿಜ್ಞಾನಾಸಕ್ತರು ಸಹಿ ಹಾಕಿ ವಿರೋಧಿಸಿದರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಅಧ್ಯಾಯ ಉಳಿದಿದೆ, ಆದರೆ ಕಾಮರ್ಸ್, ಆರ್ಟ್ಸ್ ಹಿಡಿದವರು ಅದನ್ನು ಓದುವುದೇ ಇಲ್ಲ. ಆ ಭಾಗ ಹತ್ತನೆಯ ತರಗತಿಗೇ ಮರಳಬೇಕು. ಅದು ಬರುವವರೆಗೆ ಕಾಯದೆ ಬಡಾವಣೆಯ ಶಿಕ್ಷಕರು, ಮನೆಯ ಹಿರಿಯರು ದಶಾವತಾರವನ್ನು ದಶಾವತಾರವಾಗಿಯೇ ಹೇಳಲಿ, ಡಾರ್ವಿನ್ನನನ್ನು ಬೇರೆಯಾಗಿ, ಪೂರ್ತಿಯಾಗಿ ಹೇಳಿಕೊಡಲಿ.