ಹವಾನಾ ಬಿಟ್ಟ ಡೇವಿಡಾಫ್, ಎರಿ ಬಿಡದ ನಿಪ್ಪಾಣಿ

ಇವತ್ತು ಕ್ಯೂಬಾದ ಡೇವಿಡಾಫ್ ಸಿಗಾರಿನ ಕಥೆ. ಜಿನೀವಾದ ತಂಬಾಕಿನ ವ್ಯಾಪಾರಿ ಜಿನೋ ಡೇವಿಡಾಫ್ ಹೆಸರಿನ ಈ ಸಿಗಾರನ್ನು 1960ರ ದಶಕದ ಕೊನೆಗೆ ಹವಾನಾದಲ್ಲಿ ಸುತ್ತತೊಡಗಿದರು. ಕ್ಯೂಬಾದ ತಂಬಾಕಿನ ಸೀಮೆಯಾದ ವುಯೆಲ್ತಾ ಅಬಾಹೋದ ಎಲೆಯೇ ಅದರ ಜೀವ. ಗುಣಮಟ್ಟದ ತಕರಾರು ಬೆಳೆದು 1989ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಸಿಗಾರುಗಳನ್ನು ಡೇವಿಡಾಫ್ ಸುಟ್ಟುಹಾಕಿದರು. ಮುಂದೆ ಒಂದೆರಡು ವರ್ಷದಲ್ಲೇ ಕ್ಯೂಬಾದ ನಂಟು ಹರಿಯಿತು. ಸಿಗಾರಿನ ತಯಾರಿಕೆ ಡೊಮಿನಿಕನ್ ರಿಪಬ್ಲಿಕ್ ಸೇರಿತು. ಹೆಸರು ಅದೇ ಉಳಿಯಿತು, ಎಲೆ ಬೇರೆಯಾಯಿತು.

ಬೆರಕೆ ಹಾಕುವವನ ಕೈ ಪಳಗಿದ್ದರೆ ನೆಲ ಯಾವುದಾದರೇನು ಎನ್ನುವ ಪಂಥದವರು ಇದನ್ನೇ ತಮ್ಮ ಗೆಲುವೆಂದು ತೋರಿಸುತ್ತಾರೆ. ನಾನು ಒಪ್ಪುವುದಿಲ್ಲ. ಒಪ್ಪದಿರುವುದಕ್ಕೆ ಕಾರಣ ಹವಾನಾದಲ್ಲಿಲ್ಲ, ಮುಧೋಳದಿಂದ ಹೊರಡುವ ಹೆದ್ದಾರಿಯ ಆ ತುದಿಯಲ್ಲಿದೆ. ಡೇವಿಡಾಫ್ ಇಲ್ಲಿಗೇ ಸಾಕು, ನಿಪ್ಪಾಣಿಗೆ ಹೋಗೋಣ.

ಅಲ್ಲಿಯ ಎರಿ ಹೊಲದಲ್ಲಿ ಬೀಡಿ ತಂಬಾಕಿನ ಗಿಡದ ತುದಿ ಚಿವುಟುತ್ತಾರೆ, ಮತ್ತೆ ಮತ್ತೆ ಒಡೆಯುವ ಕುಡಿಗಳನ್ನು ಮುರಿಯುತ್ತಾರೆ. ಸತ್ವವೆಲ್ಲ ಎಲೆಗಿಳಿದು ಎಲೆ ದಪ್ಪವಾಗಿ ಸುಕ್ಕುಗಟ್ಟುತ್ತದೆ. ಆಮೇಲೆ ಅದರ ಮೇಲೆ ಕೆಂಗಂದು ಚುಕ್ಕೆ ಏಳುತ್ತವೆ. ಆ ಚುಕ್ಕೆ ತುಂಬಿ ಬಂದಾಗಲೇ ಕೊಯ್ಲು. ಕೊಯ್ದದ್ದನ್ನು ನೆಲದ ಮೇಲೆಯೇ ಹರವಿ ಬಿಸಿಲಿಗೆ ಒಣಗಿಸುತ್ತಾರೆ. ಹುಣಸೂರು, ಪಿರಿಯಾಪಟ್ಟಣದ ಕಡೆ ವರ್ಜಿನಿಯಾ ಎಲೆಯನ್ನು ಬ್ಯಾರನ್ನಿನ ಶಾಖದಲ್ಲಿ ಹದ ಮಾಡುತ್ತಾರಲ್ಲ, ಆ ಹಳದಿ ಎಲೆಯೇ ಶ್ರೇಷ್ಠ ಎನ್ನುವವರು ನಿಪ್ಪಾಣಿಯ ಚುಕ್ಕೆ ಎಲೆಯನ್ನು ಕೈಯಲ್ಲಿ ಹಿಡಿದು ನೋಡಿಲ್ಲ. ಶಾಖದ ಎಲೆಗೆ ಬಣ್ಣವಿದೆ, ಸಿಹಿಯಿದೆ. ನಿಪ್ಪಾಣಿಯ ಎಲೆಯ ಖಾರ ಅದಕ್ಕಿಲ್ಲ.

ಒಣಗಿದ ಎಲೆ ವಖಾರಿಗೆ ಹೋದ ಮೇಲಿನ ಕೆಲಸ ಹೆಂಗಸರದು. ಕುಟ್ಟಿ, ಜರಡಿ ಹಿಡಿದು, ದರ್ಜೆ ಬೇರೆ ಮಾಡುವ ಆ ಕೈಗಳನ್ನು ರುಚಿಯ ಚರಿತ್ರೆ ಬರೆದವರು ಮರೆತೇಬಿಟ್ಟರು. ಉಸಿರಿನ ತುಂಬ ತಂಬಾಕಿನ ಧೂಳು ಕುಡಿದು ಅವರು ದುಡಿದಿದ್ದಾರೆ.

ರೈತರ ಪಾಲೂ ಅಷ್ಟೇ. 1981ರಲ್ಲಿ ಶರದ್ ಜೋಶಿಯವರ ಮುಂದಾಳತ್ವದಲ್ಲಿ ಅವರು ಪುಣೆ–ಬೆಂಗಳೂರು ಹೆದ್ದಾರಿ ತಡೆದು ಕುಳಿತದ್ದು ಎಲೆಗೆ ನ್ಯಾಯವಾದ ದರ ಕೇಳಿ. ಏಪ್ರಿಲ್ 6ರಂದು ಗೋಲಿಬಾರ್ ಆಯಿತು, ರೈತರು ಪ್ರಾಣ ಕಳೆದುಕೊಂಡರು.

ಹವಾನಾದ ಪೆಟ್ಟಿಗೆಯ ಮೇಲೆ ಊರಿನ ಮುದ್ರೆ ಇರುತ್ತದೆ. ನಮ್ಮ ಬನಹಟ್ಟಿಯ ಪಾನ್ ಅಂಗಡಿಯಲ್ಲಿ ಕೊಳ್ಳುವ ಬೀಡಿ ಕಟ್ಟಿನ ಮೇಲೆ ಕಂಪನಿಯ ಹೆಸರು, ಚಿತ್ರ ಎರಡೂ ಇವೆ. ಎಲೆ ಬೆಳೆದ ಊರಿನ ಹೆಸರಿಲ್ಲ. ಅದನ್ನೂ ಅಚ್ಚು ಹಾಕಲಿ.