ಒಂದು ಒಲೆ, ಎಷ್ಟು ಮನೆ?

ಸೂರತ್ತಿನ ವೇಡ್ ರೋಡ್, ಕತಾರ್‌ಗಾಮ್ ಕಡೆಯ ಪವರ್‌ಲೂಮ್ ಕಾರ್ಮಿಕರ ಮೆಸ್ಸುಗಳಲ್ಲಿ ಮಲಗುವ ಜಾಗ ತೆರವಾಗುವುದೇ ಅಪರೂಪ. ರಾತ್ರಿಯಿಡೀ ಮಗ್ಗದ ಮುಂದೆ ನಿಂತು ಬಂದವನು, ಹಗಲು ಪಾಳಿಗೆ ಎದ್ದುಹೋದವನ ಚಾಪೆಯಲ್ಲೇ ಒರಗುತ್ತಾನೆ. ಒಡಿಶಾದ ಗಂಜಾಂ ಜಿಲ್ಲೆಯವರು ಇಲ್ಲಿ ಬಹಳ. ಊಟ ಎಲ್ಲರಿಗೂ ಮೆಸ್ಸಿನ ಒಲೆಯದೇ.

ಈ ಬಾಗಿಲಿಗೆ ಗಣತಿದಾರ ಬಂದು ‘ನಿಮ್ಮ ಕುಟುಂಬದಲ್ಲಿ ಎಷ್ಟು ಜನ?’ ಎಂದು ಕೇಳಿದರೆ ಉತ್ತರವೇನು? ಜನಗಣತಿಯ ಪರಿಭಾಷೆಯಲ್ಲಿ ಒಟ್ಟಿಗೆ ಇದ್ದು ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ಕುಟುಂಬ. ನಂಟಿಲ್ಲದವರು ಹಾಸ್ಟೆಲು, ಮೆಸ್ಸುಗಳಲ್ಲಿ ಹೀಗೆ ಕೂಡಿದ್ದರೆ ಅದು ಸಾಂಸ್ಥಿಕ ಕುಟುಂಬ. ಕೈಪಿಡಿಯಲ್ಲಿ ಗೊಂದಲವಿಲ್ಲ. ಆದರೆ ಮಗ್ಗದವನಿಗೆ ಕುಟುಂಬವೆಂದರೆ ಗಂಜಾಮಿನಲ್ಲಿರುವ ಹೆಂಡತಿ, ಮಕ್ಕಳು, ತಾಯಿ. ಅವನು ಸುಳ್ಳು ಹೇಳುವುದಿಲ್ಲ. ಆದರೂ ಲೆಕ್ಕ ತಪ್ಪುತ್ತದೆ. 2011ರಲ್ಲಿ ಸೂರತ್ ನಗರದ ಜನಸಂಖ್ಯೆ 44.67 ಲಕ್ಷ, ಸಾವಿರ ಗಂಡಸರಿಗೆ 756 ಹೆಂಗಸರು. ಒಂಟಿಯಾಗಿ ದುಡಿಯಲು ಬಂದ ಗಂಡಸರ ಊರು ಇದೆಂದು ಆ ಅಂಕಿಯೇ ಹೇಳುತ್ತದೆ. ಪ್ರಶ್ನೆ ಇಲ್ಲಿ ಎಡವಿದರೆ ಊರಿನ ಒಂದು ದೊಡ್ಡ ಪಾಲೇ ಎಡವಿದಂತೆ.

ಗಣತಿಗೆ ಮುಂಚಿನ ಪ್ರಾಯೋಗಿಕ ಪರೀಕ್ಷೆ ಇರುವುದು ಇಂಥ ತೊಡಕನ್ನು ಹಿಡಿಯಲು. 2027ರ ಜನಗಣತಿಯ ಮನೆಪಟ್ಟಿ ಹಂತಕ್ಕೆ ಈ ಪರೀಕ್ಷೆ 2025ರ ನವೆಂಬರ್ 10ರಿಂದ 30ರವರೆಗೆ ಆಯ್ದ ಪ್ರದೇಶಗಳಲ್ಲಿ ನಡೆಯಿತು. ಸ್ವಯಂ ಗಣತಿಗೆ ಅದೇ ತಿಂಗಳ ಮೊದಲ ವಾರ. ದೇಶದ ಮೊದಲ ಡಿಜಿಟಲ್ ಗಣತಿಗೆ ಮೊಬೈಲ್ ಆ್ಯಪ್ ಪರೀಕ್ಷಿಸಿದ್ದು ಸರಿಯಾದ ಕೆಲಸ. ಅದು ಎಷ್ಟು ಅಗತ್ಯವೆಂಬುದನ್ನು ಕರ್ನಾಟಕದವರಿಗೆ ಹೊಸದಾಗಿ ಹೇಳಬೇಕಿಲ್ಲ. 2025ರ ಸೆಪ್ಟೆಂಬರ್ 22ರಂದು ಶುರುವಾದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಯಲ್ಲಿ 60 ಪ್ರಶ್ನೆಗಳಿದ್ದವು. ಆ್ಯಪ್‌ನ ತೊಂದರೆಗಳು ಶಿಕ್ಷಕರು ಮನೆ ಮನೆಗೆ ಹೊರಟ ಮೇಲೆ ಬೀದಿಯಲ್ಲಿ ಬಯಲಾದವು. ಅಕ್ಟೋಬರ್ 7ಕ್ಕೆ ಮುಗಿಯಬೇಕಿದ್ದ ಕೆಲಸ 18ಕ್ಕೆ, ಆಮೇಲೆ 31ಕ್ಕೆ ಹೋಯಿತು.

ಆದರೆ ಆ್ಯಪ್ ತೆರೆದುಕೊಂಡಿತು, ಮಾಹಿತಿ ಸರ್ವರ್ ಸೇರಿತು ಎಂದ ಮಾತ್ರಕ್ಕೆ ಪ್ರಶ್ನೆ ಪಾಸಾಗುವುದಿಲ್ಲ. ಉತ್ತರ ಕೊಟ್ಟವರ ಪಕ್ಕ ಕೂತು, ಈ ಮಾತಿಗೆ ನೀವು ಏನು ಅರ್ಥ ಮಾಡಿಕೊಂಡಿರಿ ಎಂದು ಕೇಳಬೇಕು. ಒಂದೇ ಪ್ರಶ್ನೆಯನ್ನು ಎರಡು ಬಗೆಯಲ್ಲಿ, ಅಕ್ಕಪಕ್ಕದ ಎರಡು ಬ್ಲಾಕುಗಳಲ್ಲಿ ಕೇಳಿ ನೋಡಬೇಕು. ಸೂರತ್ತಿನಲ್ಲಾದರೆ ಹಗಲೊಮ್ಮೆ, ರಾತ್ರಿಯೊಮ್ಮೆ ಹೋಗಬೇಕು. ಒಡಿಯಾ ಬಲ್ಲವರನ್ನು ಕರೆದೊಯ್ಯಬೇಕು. ಅಹಮದಾಬಾದಿನ ಪೋಳ್ ಎಂಬ ಹಳೇ ಕೇರಿಗಳಲ್ಲಿ ತೊಡಕೇ ಬೇರೆ: ಒಂದೇ ಚೌಕದ ಸುತ್ತ ಮಹಡಿಗೊಂದು ಸಂಸಾರವಿದ್ದರೆ, ಪ್ರತ್ಯೇಕ ಬಾಗಿಲು ಯಾವುದೆಂದು ಗುರುತಿಸುವುದೇ ಪರೀಕ್ಷೆ.

ಇನ್ನೂ ಭಾರವಾದದ್ದು ಜಾತಿಯ ಪ್ರಶ್ನೆ. ಎಲ್ಲರ ಜಾತಿಯನ್ನೂ ಬರೆದುಕೊಳ್ಳುವುದು ತಲೆ ಎಣಿಸುವ ಎರಡನೇ ಹಂತದಲ್ಲಿ. ನವೆಂಬರಿನ ಪರೀಕ್ಷೆ ಅದನ್ನು ಮುಟ್ಟಲಿಲ್ಲ. 1931ರ ಗಣತಿಯಲ್ಲಿ ಎಣಿಸಿದ ಜಾತಿಗಳು 4,147. 2011ರ ಸಾಮಾಜಿಕ ಆರ್ಥಿಕ ಜಾತಿ ಗಣತಿಯಲ್ಲಿ 46 ಲಕ್ಷಕ್ಕೂ ಹೆಚ್ಚು ಹೆಸರುಗಳು ಬಂದವೆಂದು ಕೇಂದ್ರ ಸರ್ಕಾರವೇ ಸುಪ್ರೀಂ ಕೋರ್ಟಿಗೆ ತಿಳಿಸಿತು. ಉಪಜಾತಿ, ಗೋತ್ರ, ಕುಲನಾಮ, ಕಾಗುಣಿತದ ಹೆಚ್ಚುಕಮ್ಮಿ ಎಲ್ಲವೂ ಒಂದೇ ರಾಶಿಗೆ ಬಿದ್ದಿದ್ದವು. ಜನ ಹೇಳಿದ್ದನ್ನು ಬರೆದುಕೊಂಡರಾಯಿತು ಎಂದು ಹೊರಟದ್ದರ ಫಲ ಅದು.

ಗಣತಿ ಕಾಯ್ದೆಯ 17ಎ ಕಲಮು ಪೂರ್ವಪರೀಕ್ಷೆಗೂ ಕಾನೂನಿನ ಬಲ ಕೊಟ್ಟಿದೆ. ಅಂಥ ಬಲದಿಂದ ಜನರ ಮನೆಯೊಳಗೆ ಹೋಗಿ ಕೇಳಿದ ಮೇಲೆ, ಯಾವ ಪ್ರಶ್ನೆ ಎಲ್ಲಿ ಎಡವಿತು, ಯಾವುದನ್ನು ತಿದ್ದಲಾಯಿತು ಎಂಬ ವರದಿ ಗುಜರಾತಿಯಲ್ಲೂ ಕನ್ನಡದಲ್ಲೂ ಜನರ ಕೈಗೆ ಬರಬೇಕು, ಅದೂ 2027ರ ಫೆಬ್ರುವರಿಯಲ್ಲಿ ತಲೆ ಎಣಿಸಲು ಹೊರಡುವ ಮುಂಚೆ.